ರೊಟ್ಟಿಯವನ ಗೋರಿ, ಮಡಿವಾಳರ ಮಠ

ಚಿತ್ರದುರ್ಗದ ಸುತ್ತಮುತ್ತ ಓಡಾಡಿದವರಿಗೆ ಮಠಗಳ ಹೆಸರು ಹೊಸದಲ್ಲ. ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ, ಮಡಿವಾಳ ಮಾಚಿದೇವ ಮಹಾಸಂಸ್ಥಾನ, ಮೇದರ ಕೇತೇಶ್ವರ ಮಠ. ಹೊಸದುರ್ಗ ತಾಲ್ಲೂಕಿಗೆ ಬಂದರೆ ಮಧುರೆಯಲ್ಲಿ ಉಪ್ಪಾರರ ಭಗೀರಥ ಪೀಠ. ಚರ್ಮ ಹದ ಮಾಡಿದವರು, ಕಲ್ಲು ಒಡೆದವರು, ಬಟ್ಟೆ ಒಗೆದವರು, ಬಿದಿರು ಹೆಣೆದವರು, ಉಪ್ಪು ತೆಗೆದವರು: ಒಂದು ಜಿಲ್ಲೆಯಲ್ಲಿ ಇಷ್ಟೊಂದು ಕಸುಬುಗಳಿಗೆ ಪೀಠಗಳಿರುವುದು ಅಪರೂಪ.

ದುಡಿಮೆಯೇ ಗುರುತಾಗುವುದು ನಮ್ಮಲ್ಲಷ್ಟೇ ಕಂಡದ್ದಲ್ಲ. ಕೂಲಿಗೆ ದುಡಿಯುವುದು, ಕೈಕಸುಬು ಮಾಡುವುದು ಕೀಳು ಎಂದು ಪ್ರಾಚೀನ ರೋಮ್‌ನ ಚಿಂತಕ ಸಿಸೆರೊ ಬರೆದಿಟ್ಟ. ದುಡಿಯುವವರು ಅವನ ಮಾತಿಗೆ ಸೊಪ್ಪು ಹಾಕಿದಂತಿಲ್ಲ. ಅದೇ ಶತಮಾನದಲ್ಲಿ ಯೂರಿಸಾಸೆಸ್ ಎಂಬ ರೊಟ್ಟಿ ಗುತ್ತಿಗೆದಾರ ಮುಂದೆ ಊರಬಾಗಿಲು ಎದ್ದ ಜಾಗದ ಬಳಿಯೇ ದೊಡ್ಡ ಗೋರಿ ಕಟ್ಟಿಸಿಕೊಂಡ. ಮೇಲಿನ ಪಟ್ಟಿಯುದ್ದಕ್ಕೂ ಉಬ್ಬುಶಿಲ್ಪ: ಕತ್ತೆ ಕಟ್ಟಿ ಗೋಧಿ ಬೀಸುತ್ತಾರೆ, ಹಿಟ್ಟು ಜರಡಿ ಹಿಡಿಯುತ್ತಾರೆ, ನಾದುತ್ತಾರೆ, ಒಲೆಗಿಡುತ್ತಾರೆ, ಕೊನೆಗೆ ತಕ್ಕಡಿಯಲ್ಲಿ ತೂಗುತ್ತಾರೆ. ಗೋಡೆಯ ದುಂಡು ತೂತುಗಳು ಹಿಟ್ಟು ನಾದುವ ಪಾತ್ರೆಗಳನ್ನೇ ನೆನಪಿಸುತ್ತವೆ ಎನ್ನುವವರಿದ್ದಾರೆ. ಆತ ಬಹುಶಃ ಬಿಡುಗಡೆ ಪಡೆದ ಗುಲಾಮ. ಹೇಳಿಕೊಳ್ಳಲು ವಂಶವಿಲ್ಲದವನು ಕಸುಬನ್ನೇ ಕಲ್ಲಿನಲ್ಲಿ ಕೆತ್ತಿಸಿದ.

ರೋಮನ್ನರ ಪಾಂಪೆ ಊರಿನ ಅಗಸರದ್ದು ಇನ್ನೂ ಸ್ವಾರಸ್ಯ. ಮೂತ್ರ ಬೆರೆಸಿದ ತೊಟ್ಟಿಯಲ್ಲಿ ನಿಂತು ಬಟ್ಟೆ ತುಳಿಯುವ ಕೆಲಸ ಅವರದು. ಆ ಮೂತ್ರಕ್ಕೂ ವೆಸ್ಪಾಸಿಯನ್ ದೊರೆ ತೆರಿಗೆ ಹಾಕಿದ್ದ! ಆದರೂ ಅವರೆಲ್ಲ ಒಟ್ಟಾಗಿ ಊರ ನಡುವೆ ಯೂಮಾಕಿಯಾ ಎಂಬ ಪ್ರತಿಷ್ಠಿತ ಮಹಿಳೆಯ ಪ್ರತಿಮೆ ನಿಲ್ಲಿಸಿದರು. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಆ ಊರಿನ ಗೋಡೆಗಳಲ್ಲಿ ಹಣ್ಣು ಮಾರುವವರು, ಅಗಸರು, ರೊಟ್ಟಿಯವರು ಇಂಥವರನ್ನೇ ಗೆಲ್ಲಿಸಿ ಎಂದು ಬರೆಸಿದ ಚುನಾವಣಾ ಬರಹಗಳು ಈಗಲೂ ಸಿಗುತ್ತವೆ.

ನಮ್ಮಲ್ಲಿ ಇಂಥ ದನಿ ಎದ್ದದ್ದು 12ನೇ ಶತಮಾನದ ಕಲ್ಯಾಣದಲ್ಲಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಕಸುಬನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಇಟ್ಟುಕೊಂಡರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಗದರಿದ ಕಥೆ ಮನೆಮಾತು. ಯೂರಿಸಾಸೆಸನ ಹೆಮ್ಮೆ ಗಳಿಕೆಯದು. ಲಕ್ಕಮ್ಮನದು ಗಳಿಕೆಗೆ ಗೆರೆ ಎಳೆಯುವ ಹೆಮ್ಮೆ. ಬಡವಿಯೊಬ್ಬಳ ಈ ಗತ್ತಿನ ಮುಂದೆ ರೋಮ್‌ನ ಗೋರಿ ಕೊಂಚ ಸಪ್ಪೆಯೇ.

ಆದರೆ ಒಂದು ವಿಷಯದಲ್ಲಿ ರೋಮ್‌ನವರ ಪಾಡು ಹಗುರ. ಬಿಡುಗಡೆಯಾದ ಗುಲಾಮನ ಮಗ ಊರ ಸಭೆಯ ಸದಸ್ಯನಾಗಬಹುದಿತ್ತು, ಅಪ್ಪನ ಕಸುಬು ಅವನ ಬೆನ್ನು ಬೀಳಬೇಕೆಂದಿರಲಿಲ್ಲ. ಕಲ್ಯಾಣದ ಶರಣರು ಹುಟ್ಟಿನ ಮೇಲಿನ ತರತಮ ಅಳಿಸಲು ಹೊರಟವರು. ಆದರೆ ಅವರ ಹೆಸರುಗಳೇ ಮುಂದೆ ಜಾತಿಯ ಕುಲಗುರುಗಳ ಹೆಸರಾದವು. ಉತ್ತರ ಕರ್ನಾಟಕದಲ್ಲಂತೂ ಬಡಿಗೇರ, ಗಾಣಿಗೇರ, ಹೂಗಾರ, ಅಂಬಿಗೇರ ಎಂಬ ಅಡ್ಡಹೆಸರುಗಳು ಗಾಣ, ದೋಣಿ ಮುಟ್ಟದವರ ಆಧಾರ್ ಕಾರ್ಡಿನಲ್ಲೂ ಇವೆ.

ಉಪ್ಪಾರರು ಉಪ್ಪು ಬಿಟ್ಟು ಗಾರೆ ಕೆಲಸ, ಬೇಸಾಯ ಹಿಡಿದು ಎಷ್ಟೋ ತಲೆಮಾರು ಕಳೆದಿದೆ. ಹಾಗಂತ ಹೆಸರು ನಿರುಪಯೋಗಿಯಲ್ಲ. ಚದುರಿಹೋದ ಜನ ಒಂದು ಕಡೆ ಸೇರುವುದು, ವಿಧಾನಸೌಧದವರೆಗೆ ಅಹವಾಲು ಒಯ್ಯುವುದು ಅದರ ಬಲದಿಂದಲೇ. ಫೆಬ್ರವರಿ 1ಕ್ಕೆ ಸರ್ಕಾರವೇ ಮಾಚಿದೇವರ ಜಯಂತಿ ಮಾಡುತ್ತದೆ. ಮಡಿವಾಳರನ್ನು ಪರಿಶಿಷ್ಟ ಜಾತಿಗೆ ಸೇರಿಸಬೇಕೆಂಬ ಬೇಡಿಕೆ ಆ ಸಮುದಾಯದ್ದು, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬುದು ಉಪ್ಪಾರರದು.