ಶ್ರವಣಸಾಧನವೂ ದೂರವಾಣಿಯೂ

ಕೊಪ್ಪಳ ಜಿಲ್ಲೆಯ ಅಳವಂಡಿಯಂತಹ ಊರುಗಳಲ್ಲಿ, ದುಡಿಮೆಗಾಗಿ ಬೆಂಗಳೂರು ಸೇರಿದ ಮಕ್ಕಳ ದನಿ ಮುಪ್ಪಿನ ತಂದೆತಾಯಿಗಳನ್ನು ತಲುಪುವುದು ಫೋನಿನ ಮೂಲಕವೇ. ಕಿವಿ ಮಂದವಾದವರು ಎದುರಿಗೆ ಕುಳಿತವರ ಮಾತನ್ನು ತುಟಿಗಳ ಚಲನೆಯಿಂದ ಅರ್ಧ ಊಹಿಸಿಕೊಳ್ಳಬಲ್ಲರು. ಫೋನಿನಲ್ಲಿ ಆ ಊರುಗೋಲು ತಪ್ಪಿಹೋಗುತ್ತದೆ. ಸಾಲದುದಕ್ಕೆ, ಹಳೆಯ ಪದ್ಧತಿಯ ದೂರವಾಣಿಯು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಧ್ವನಿಯನ್ನು ಮಾತ್ರ ಸಾಗಿಸುವುದು. ಸಕಾರದ ಶಕ್ತಿಯ ಬಹುಭಾಗ ಈ ಮಿತಿಗೂ ಮೇಲಿರುವುದರಿಂದ, 'ಸಾಲು' ಎಂದುದು 'ಹಾಲು' ಎಂದು ಕೇಳಿಸಿದರೆ ಸೋಜಿಗವಿಲ್ಲ. 4ಜಿ ಜಾಲದ ಕರೆಗಳು ಸುಮಾರು 7000 ಕಂಪನಗಳವರೆಗೂ ಒಯ್ಯಬಲ್ಲವು.

ಶ್ರವಣಸಾಧನವನ್ನು ಧರಿಸಿದೊಡನೆ ಈ ತೊಡಕು ತೀರಿತೆನ್ನುವಂತಿಲ್ಲ. ಫೋನನ್ನು ಕಿವಿಗೊತ್ತಿದಾಗ, ಸಾಧನದಿಂದ ಸೋರಿದ ಧ್ವನಿ ಫೋನಿಗೆ ಬಡಿದು ಹಿಂದಿರುಗಿ, ಸಾಧನದ ಮೈಕ್ರೋಫೋನನ್ನು ಹೊಕ್ಕು, ಮತ್ತೆ ವರ್ಧನೆಗೊಂಡು ಕೀರಲು ಸದ್ದಾಗುವುದು. ಜಾತ್ರೆಯ ಮೈಕು ಕಿರುಚುವುದೂ ಇದೇ ಕಾರಣದಿಂದ.

ಇದಕ್ಕೆ ಪರಿಹಾರ ದೊರೆತುದು ದೂರವಾಣಿಯಲ್ಲಿ ವ್ಯರ್ಥವಾಗುತ್ತಿದ್ದ ಒಂದು ಪದಾರ್ಥದಿಂದ. ಹಳೆಯ ದೂರವಾಣಿಯ ಕಿವಿತುಂಡಿನಲ್ಲಿ ವಿದ್ಯುತ್ಕಾಂತವೊಂದು ತೆಳುತಗಡನ್ನು ಕಂಪಿಸುತ್ತಿತ್ತು; ಅದರ ಕಾಂತಕ್ಷೇತ್ರದ ಒಂದಂಶ ಹೊರಗೆ ಸೋರುತ್ತಿತ್ತು. ಸೂಕ್ಷ್ಮ ತಂತಿಯ ಸುರುಳಿಯೊಂದನ್ನು ಶ್ರವಣಸಾಧನದಲ್ಲಿ ಇರಿಸಿದರೆ, ಬದಲಾಗುವ ಆ ಕ್ಷೇತ್ರವು ಅದರಲ್ಲಿ ವಿದ್ಯುತ್ತನ್ನು ಪ್ರೇರಿಸುವುದು. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ತ್ವವೇ ಇದು. 1930ರ ದಶಕದಲ್ಲಿ ಬ್ರಿಟನ್ನಿನ ಜೋಸೆಫ್ ಪೊಲಿಯಕಾಫ್ ಇದನ್ನು ಶ್ರವಣಸಾಧನಕ್ಕೆ ಅಳವಡಿಸಿದನು. ಇದಕ್ಕೆ ಟೆಲಿಕಾಯಿಲ್ ಎಂದು ಹೆಸರು. ಸಾಧನದ ಮೇಲಿನ 'ಟಿ' ಗುರುತು ಇದನ್ನೇ ಸೂಚಿಸುತ್ತದೆ. ಆ ಸ್ಥಾನದಲ್ಲಿ ಮೈಕ್ರೋಫೋನು ನಿದ್ರಿಸುವುದರಿಂದ ಕೀರಲೂ ಇಲ್ಲ, ಅಂಗಳದ ಗದ್ದಲವೂ ಇಲ್ಲ.

ಆದರೆ ಮೊಬೈಲುಗಳ ಕಾಂತಕ್ಷೇತ್ರ ಎಲ್ಲವುಗಳಲ್ಲಿಯೂ ಸಾಕಷ್ಟು ಬಲವಾಗಿರುವುದಿಲ್ಲ. ವಿದ್ಯುತ್ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಬಳಿ ಸುರುಳಿಯು ಝೇಂಕರಿಸುವುದೂ ಉಂಟು. ಇನ್ನೊಂದು ದಾರಿಯಾದ ಬ್ಲೂಟೂತಿನಲ್ಲಿ ಕರೆಯ ಧ್ವನಿ ರೇಡಿಯೋ ತರಂಗವಾಗಿ ನೇರವಾಗಿ, ಬಹುಮಟ್ಟಿಗೆ ಎರಡೂ ಕಿವಿಗಳಿಗೆ, ಬರುವುದು. ಇದು ನಿಜವಾಗಿಯೂ ಉಪಕಾರಕ. ಆದರೆ ಎಲ್ಲ ಸಾಧನವೂ ಎಲ್ಲ ಫೋನಿನೊಡನೆ ಕೂಡುವುದಿಲ್ಲ, ಬ್ಯಾಟರಿಯೂ ಬೇಗ ಮುಗಿಯುವುದು. ಗುಂಡಿಯ ಫೋನನ್ನೇ ಬಳಸುವ ಹಿರಿಯರು ಬ್ಲೂಟೂತಿಗಾಗಿ ಹೆಚ್ಚು ಹಣ ತೆರುವುದು ನಮಗೆ ಉಚಿತವೆಂದು ತೋರದು; ಅವರ ಫೋನಿನೊಡನೆ ಒಗ್ಗುವ ಸುರುಳಿ, ಬೆರಳಿಗೆ ಸಿಕ್ಕುವ ಗುಂಡಿ, ಇಷ್ಟಿದ್ದರೆ ಲೇಸು. ಕಿವಿಯ ನಾಳದೊಳಗೆ ಅಡಗುವ ಅತಿ ಚಿಕ್ಕ ಸಾಧನಗಳಲ್ಲಿ ಸುರುಳಿಗೆ ಸಾಮಾನ್ಯವಾಗಿ ಎಡೆಯೇ ಇರುವುದಿಲ್ಲ. ಕಿವುಡನ್ನು ಮರೆಮಾಚುವ ಹಂಬಲಕ್ಕೆ ಮಕ್ಕಳ ದನಿಯನ್ನು ಬೆಲೆಯಾಗಿ ತೆರಬೇಕೆ?

ಮೊದಲು ಶ್ರವಣಪರೀಕ್ಷೆಯಾಗಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯ ದೊಡ್ಡ ಕೇಂದ್ರ. ಕೊಳ್ಳಹೋಗುವಾಗ ದಿನನಿತ್ಯ ಬಳಸುವ ಫೋನನ್ನೇ ಜೊತೆಗೊಯ್ದು, ಮನೆಯವರಿಗೆ ಕರೆಮಾಡಿ ನೋಡತಕ್ಕದ್ದು. ಸುರುಳಿಯಿದ್ದೂ ಅದನ್ನು ಚಾಲೂಗೊಳಿಸದೆ ಕೊಡುವುದುಂಟು, ಕೇಳಿ ಮಾಡಿಸಿಕೊಳ್ಳಬೇಕು. ಕಿವಿಯ ಹಿಂದಿನ ಸಾಧನವಾದರೆ ಫೋನನ್ನು ಕಿವಿಯ ತೂತಿಗಲ್ಲ, ಸಾಧನದ ಬಳಿಗೆ ತುಸು ಮೇಲಕ್ಕೆ ಹಿಡಿದು, ಸ್ಪಷ್ಟವಾಗಿ ಕೇಳಿಸುವ ತಾಣವನ್ನು ಮೆಲ್ಲನೆ ಅರಸಬೇಕು.