ಕಥೆ ಚಿಕ್ಕದು, ಪ್ರಶ್ನೆ ದೊಡ್ಡದು: ಸೈ-ಫೈ ಅನಿಮೇಷನ್ ಕಥಾಗುಚ್ಛಗಳು ಯಾಕಿಷ್ಟು ಕಾಡ್ತವೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೆ, ಇನ್ನು ಹತ್ತು ನಿಮಿಷ ನನ್ನ ಜೊತೆ ಇರಿ. ಇವತ್ತು ಮಾತಾಡೋಕೆ ಹೊರಟಿರೋದು ಒಂದು ವಿಚಿತ್ರ ಜಾತಿಯ ಸಿನಿಮಾಗಳ ಬಗ್ಗೆ: ಸೈನ್ಸ್ ಫಿಕ್ಷನ್ ಅನಿಮೇಷನ್ ಆಂಥಾಲಜಿ. ಒಂದೇ ಸಿನಿಮಾದೊಳಗೆ ಮೂರೋ ನಾಲ್ಕೋ ಒಂಬತ್ತೋ ಬೇರೆ ಬೇರೆ ಕಥೆ, ಬಹಳಷ್ಟು ಸಲ ಬೇರೆ ಬೇರೆ ನಿರ್ದೇಶಕರು.

ಆಂಥಾಲಜಿ ನಮಗೆ ಹೊಸದಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲೇ ಮೂರು ಕಥೆ ಸೇರಿಸಿ ‘ಕಥಾಸಂಗಮ’ ಮಾಡಿದ್ರು. 2019ರಲ್ಲಿ ಅದೇ ಹೆಸರಲ್ಲಿ ಏಳು ನಿರ್ದೇಶಕರ ಏಳು ಕಥೆಗಳ ಸಿನಿಮಾ ಬಂತು. ಅದೇ ಅಚ್ಚಿಗೆ ಬಾಹ್ಯಾಕಾಶ, ರೋಬೋಟು, ವಿಚಿತ್ರ ಔಷಧಿ ಇವನ್ನೆಲ್ಲ ತುಂಬಿ, ಕ್ಯಾಮೆರಾ ಬದಲು ಪೆನ್ಸಿಲ್ ಹಿಡಿದ್ರೆ ಏನಾಗುತ್ತೆ? ಅದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಜಪಾನಿನ ‘ಮೆಮೊರೀಸ್’. 1995ರ ಸಿನಿಮಾ. ‘ಅಕಿರಾ’ ಖ್ಯಾತಿಯ ಕಟ್ಸುಹಿರೊ ಒಟೊಮೊ ಇದರ ರೂವಾರಿ.

ಇಂಥ ಸಿನಿಮಾ ನೋಡಿದವರು ಸಾಮಾನ್ಯವಾಗಿ ಹೇಳೋ ದೂರು ಒಂದೇ: “ಚೆನ್ನಾಗಿತ್ತು ಗುರು, ಆದ್ರೆ ಈಗ ಶುರುವಾಯ್ತು ಅನ್ನೋಷ್ಟರಲ್ಲಿ ಮುಗಿದೇ ಹೋಯ್ತು.” ಇವುಗಳ ಸೆಳೆತ ಇರೋದೇ ಅಲ್ಲಿ ಅಂತ ನಂಗನ್ಸುತ್ತೆ. ಯಾಕೆ ಅಂತ ನೋಡೋಣ.

ಮೊದಲು ಲೆಕ್ಕ

ಬಿ.ಕಾಂ ಓದಿರೋ ನಾನು ದುಡ್ಡಿನಿಂದಲೇ ಶುರು ಮಾಡ್ತೀನಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಜಪಾನಿನ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನ ಎರಡು ಅಥವಾ ಮೂರು ಫ್ರೇಮ್‌ವರೆಗೆ ಹಿಡಿದಿಡ್ತಾರೆ. ಅಂದ್ರೆ ಏನಾದ್ರೂ ಚಲಿಸ್ತಾ ಇದ್ರೆ ಸೆಕೆಂಡಿಗೆ 8ರಿಂದ 12 ಚಿತ್ರ ಬೇಕು. ಚಲನೆ ನಿಲ್ಲದ 20 ನಿಮಿಷದ ಕಥೆಗೆ ನೀವೇ ಗುಣಿಸಿ ನೋಡಿ, ಹತ್ತು ಸಾವಿರದ ಹತ್ತಿರ ಹೋಗುತ್ತೆ. ಪ್ರತಿ ಸೆಕೆಂಡಿಗೂ ಬಿಲ್ ಏರ್ತಾನೇ ಇರುತ್ತೆ.

ಹೀಗಿರುವಾಗ ಒಬ್ಬ ನಿರ್ದೇಶಕ ಬಂದು “ಯಾರೂ ಮಾಡದ ಶೈಲಿಯಲ್ಲಿ ಎರಡು ಗಂಟೆ ಸಿನಿಮಾ ಮಾಡ್ತೀನಿ” ಅಂದ್ರೆ ಯಾವ ನಿರ್ಮಾಪಕನಿಗಾದ್ರೂ ಎದೆ ಧಸಕ್ ಅನ್ನುತ್ತೆ. ಅದೇ “20 ನಿಮಿಷ ಕೊಡಿ, ಪಕ್ಕದಲ್ಲಿ ಇನ್ನೆರಡು ಕಥೆ ಇರುತ್ತೆ” ಅಂದ್ರೆ? ಎಲ್ಲಾ ದುಡ್ಡನ್ನೂ ಒಂದೇ ಶೇರಿಗೆ ಹಾಕದೆ ಹಂಚಿ ಹಾಕಿದ ಹಾಗೆ. ರಿಸ್ಕ್ ಹಂಚಿಹೋಗುತ್ತೆ, ಪ್ರಯೋಗಕ್ಕೆ ಜಾಗ ಸಿಗುತ್ತೆ.

ಇದರಿಂದ ಏನಾಯ್ತು ಅನ್ನೋದಕ್ಕೆ ಕೋಜಿ ಮೊರಿಮೊಟೊ ಅನ್ನೋ ನಿರ್ದೇಶಕರ ದಾರಿ ನೋಡಿ. 1987ರ ‘ರೋಬೋಟ್ ಕಾರ್ನಿವಲ್’ ಆಂಥಾಲಜಿಯಲ್ಲಿ ಅವರ ಒಂದು ಕಿರುಚಿತ್ರ ಇದೆ. ‘ಮೆಮೊರೀಸ್’ನ ಮೊದಲ ಕಥೆ ಅವರದೇ. 2003ರಲ್ಲಿ ‘ಮ್ಯಾಟ್ರಿಕ್ಸ್’ ಲೋಕದ ಮೇಲೆ ಒಂಬತ್ತು ಕಿರುಚಿತ್ರಗಳ ‘ಆನಿಮ್ಯಾಟ್ರಿಕ್ಸ್’ ಬಂದಾಗ, ಅದರಲ್ಲೂ ‘ಬಿಯಾಂಡ್’ ಅನ್ನೋ ಕಥೆ ಮಾಡಿದ್ದು ಅವರೇ. ಆ ಮೊದಲ ಕಥೆಗೆ ಚಿತ್ರಕಥೆ ಬರೆದವರು ಸತೋಶಿ ಕೋನ್. ಎರಡೇ ವರ್ಷದಲ್ಲಿ ಅವರು ‘ಪರ್ಫೆಕ್ಟ್ ಬ್ಲೂ’ ಮೂಲಕ ನಿರ್ದೇಶಕರಾದ್ರು.

ಮೂರು ಕಥೆ, ಮೂರು ಲೋಕ

‘ಮೆಮೊರೀಸ್’ನ ಮೊದಲ ಕಥೆ ‘ಮ್ಯಾಗ್ನೆಟಿಕ್ ರೋಸ್’. ಇಸವಿ 2092. ಬಾಹ್ಯಾಕಾಶದಲ್ಲಿ ಗುಜರಿ ಆಯೋ ಒಂದು ನೌಕೆಗೆ ಆಪತ್ತಿನ ಸಂದೇಶ ಬರುತ್ತೆ. ಅದನ್ನ ಹುಡುಕ್ಕೊಂಡು ಇಬ್ಬರು ಹೋದ್ರೆ, ಹಾಳುಬಿದ್ದ ನಿಲ್ದಾಣದ ಒಳಗೆ ಯುರೋಪಿನ ಅರಮನೆಯಂಥ ಮನೆ. ಅಲ್ಲಿದ್ದವಳು ಇವಾ ಅನ್ನೋ ಒಬ್ಬ ಆಪೆರಾ ಗಾಯಕಿ. ಅವಳಿಲ್ಲ, ಆದ್ರೆ ಅವಳ ನೆನಪು ಯಂತ್ರಗಳ ಮೂಲಕ ಇನ್ನೂ ನಡೀತಾ ಇದೆ. ಹಿನ್ನೆಲೆಯಲ್ಲಿ ಕೇಳಿಸೋದು ಪುಚ್ಚೀನಿಯ ‘ಮಡಾಮಾ ಬಟರ್‌ಫ್ಲೈ’. ಅದು ಗಂಡನ ದಾರಿ ಕಾಯ್ತಾ ಕೂತ ಜಪಾನಿ ಹೆಣ್ಣಿನ ಕಥೆ. ನೆನಪು ಬಂದವರನ್ನ ಅತಿಥಿ ಥರ ಉಪಚರಿಸುತ್ತೆ, ಆಮೇಲೆ ಹೊರಗೆ ಬಿಡಲ್ಲ. ಆ ಇಬ್ಬರಲ್ಲಿ ಒಬ್ಬನಾದ ಹೈಂಟ್ಸ್‌ಗೆ ಅವನ ಮಗಳನ್ನೇ ತೋರಿಸುತ್ತೆ. ಮುಂದಿಂದು ಹೇಳಲ್ಲ, ನೋಡಿ.

ಎರಡನೇದು ‘ಸ್ಟಿಂಕ್ ಬಾಂಬ್’, ಪೂರ್ತಿ ಉಲ್ಟಾ. ನೆಗಡಿ ಬಂದಿರೋ ಒಬ್ಬ ಲ್ಯಾಬ್ ನೌಕರ, ನೆಗಡಿ ಮಾತ್ರೆ ಅಂದ್ಕೊಂಡು ಪ್ರಯೋಗದ ಔಷಧಿ ನುಂಗಿಬಿಡ್ತಾನೆ. ಅವನ ಮೈಯಿಂದ ಹೊರಡೋ ವಾಸನೆಗೆ ಸುತ್ತಲಿನವರೆಲ್ಲ ಬಿದ್ದುಹೋಗ್ತಾರೆ. ಅವನಿಗೆ ಮಾತ್ರ ಗೊತ್ತೇ ಇಲ್ಲ! ದಾಖಲೆ ತಗೊಂಡು ಟೋಕಿಯೋಗೆ ಬಾ ಅಂತ ಮೇಲಿನವರು ಹೇಳಿದ್ದಾರೆ. ಅವನು ಸ್ಕೂಟರ್ ಏರಿ ಚಾಚೂ ತಪ್ಪದೆ ಹೊರಟಿದ್ದಾನೆ. ಸೇನೆ ಕ್ಷಿಪಣಿ ಬಿಡ್ತಾ ಇದೆ, ಅವನು ಹೋಗ್ತಾನೇ ಇದ್ದಾನೆ. ನಕ್ಕು ನಕ್ಕು ಸಾಕಾಗುತ್ತೆ. ಆಮೇಲೆ ನಿಧಾನಕ್ಕೆ ಹೊಳೆಯುತ್ತೆ: ಈ ಅನಾಹುತ ಮಾಡ್ತಿರೋದು ಒಬ್ಬ ದುಷ್ಟ ಅಲ್ಲ, ಹೇಳಿದ ಮಾತು ಕೇಳೋ ಒಬ್ಬ ಒಳ್ಳೇ ಉದ್ಯೋಗಿ.

ಮೂರನೇದು ಒಟೊಮೊ ಅವರೇ ನಿರ್ದೇಶಿಸಿದ ‘ಕ್ಯಾನನ್ ಫಾಡರ್’. ಒಂದು ಊರು, ಪ್ರತಿ ಮನೆ ಮಾಡಿನ ಮೇಲೂ ಫಿರಂಗಿ. ಅಪ್ಪ ಫಿರಂಗಿಗೆ ಗುಂಡು ತುಂಬೋ ಕೆಲಸದವನು, ಅಮ್ಮ ಗುಂಡು ತಯಾರಿಸೋ ಕಾರ್ಖಾನೆಯಲ್ಲಿ. ಮಗನಿಗೆ ದೊಡ್ಡವನಾದ್ಮೇಲೆ ಫಿರಂಗಿ ಹಾರಿಸೋ ಅಧಿಕಾರಿ ಆಗೋ ಆಸೆ. ಶತ್ರು ಎಲ್ಲಿ? ಒಂದು ಸಲಾನೂ ಕಾಣಲ್ಲ. ನಾವು ಹೋರಾಡ್ತಿರೋದು ಯಾರ ಜೊತೆ ಅಂತ ಹುಡುಗ ಕೇಳಿದ್ರೆ, ದೊಡ್ಡವನಾದ್ಮೇಲೆ ಗೊತ್ತಾಗುತ್ತೆ ಅಂತ ಅಪ್ಪ ಜಾರಿಕೊಳ್ತಾನೆ.

ಸುಮಾರು 20 ನಿಮಿಷದ ಈ ಕಥೆಯನ್ನ ಒಂದೇ ಶಾಟ್ ಅನ್ನಿಸೋ ಹಾಗೆ ಮಾಡಿದ್ದಾರೆ. ಅನಿಮೇಷನ್‌ನಲ್ಲಿ ಇದು ಯಾಕೆ ಕಷ್ಟ ಗೊತ್ತಾ? ನೋಟ ಸರಿದಂತೆಲ್ಲ ಹಿಂದಿನ ಗೋಡೆ, ಮೆಟ್ಟಿಲು, ಪೈಪು ಎಲ್ಲಾನೂ ಅದಕ್ಕೆ ತಕ್ಕ ಹಾಗೆ ಬರೆದಿರಬೇಕು. ಎರಡು ಗಂಟೆ ಸಿನಿಮಾದಲ್ಲಿ ಈ ಹುಚ್ಚು ಸಾಹಸಕ್ಕೆ ಯಾರು ದುಡ್ಡು ಹಾಕ್ತಾರೆ? 20 ನಿಮಿಷಕ್ಕಾದ್ರೆ ಸಾಧ್ಯ. ಕಟ್ ಇಲ್ಲದೇ ಇರೋದ್ರಿಂದ ನಮಗೂ ಆ ಊರಿಂದ ಆಚೆ ಹೋಗೋ ದಾರಿ ಸಿಗಲ್ಲ. ಬೆಳಿಗ್ಗೆ ಏಳು, ಗುಂಡು ತುಂಬು, ಹಾರಿಸು, ಮಲಗು.

ಇದನ್ನ ಮೊದಲ ಸಲ ನೋಡಿದಾಗ ನಾನು ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತಿದ್ದೆ. ಪ್ರತಿ ತಿಂಗಳ ಕೊನೆಗೆ ಒಂದು ರಿಪೋರ್ಟ್ ತಯಾರಿಸಿ ಮೇಲಕ್ಕೆ ಕಳಿಸ್ತಿದ್ದೆ. ಅದನ್ನ ಯಾರು ಓದ್ತಾರೆ, ಓದಿ ಏನು ಮಾಡ್ತಾರೆ ಅಂತ ಒಂದು ದಿನಾನೂ ಕೇಳಿರಲಿಲ್ಲ. ಆ ಅಪ್ಪ ಫಿರಂಗಿ ಪಕ್ಕ ನಿಂತಿದ್ದ ರೀತಿ ನೋಡಿ ಒಂಥರಾ ಆಯ್ತು. ಮಾರನೇ ದಿನ ಹೋಗಿ ನಮ್ಮ ಮ್ಯಾನೇಜರ್ ಹತ್ರ ಕೇಳಿದೆ, “ಸರ್, ಇದು ಯಾರಿಗೆ?” ಅವರು ನಕ್ಕು, “ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ, ಮಾಡಿ” ಅಂದ್ರು.

ಉಳಿಸೋ ಹೀರೋ ಇಲ್ಲ

ಈಗ ಆ ದೂರಿಗೆ ವಾಪಸ್ ಬರೋಣ. ‘ಕ್ಯಾನನ್ ಫಾಡರ್’ ಎರಡೂವರೆ ಗಂಟೆ ಇದ್ದಿದ್ರೆ ಏನಾಗ್ತಿತ್ತು? ಆ ಹುಡುಗ ದೊಡ್ಡವನಾಗಿ, ಸತ್ಯ ಕಂಡುಹಿಡಿದು, ಕ್ಲೈಮ್ಯಾಕ್ಸಲ್ಲಿ ದೊಡ್ಡ ಫಿರಂಗಿಯನ್ನ ಪುಡಿಪುಡಿ ಮಾಡ್ತಿದ್ದ. ನಾವು ಚಪ್ಪಾಳೆ ಹೊಡೆದು, ಸಮಸ್ಯೆ ಬಗೆಹರೀತು ಅಂತ ನೆಮ್ಮದಿಯಾಗಿ ಮನೆಗೆ ಹೋಗ್ತಿದ್ವಿ. ದೊಡ್ಡ ಬಜೆಟ್ಟಿನ ಸಿನಿಮಾಗೆ ಅಂಥ ಅಂತ್ಯ ಹೆಚ್ಚುಕಮ್ಮಿ ಬೇಕೇ ಬೇಕು.

ಸೈನ್ಸ್ ಫಿಕ್ಷನ್ ಹುಟ್ಟೋದು “ಹೀಗಾದ್ರೆ ಏನಾಗುತ್ತೆ?” ಅನ್ನೋ ಒಂದು ಪ್ರಶ್ನೆಯಿಂದ. ನೆನಪುಗಳು ನಮ್ಮನ್ನ ಬಿಡದೇ ಹೋದ್ರೆ? ಒಂದು ಊರಿನ ಬದುಕೇ ಯುದ್ಧ ಆಗಿಬಿಟ್ರೆ? ಕಿರುಚಿತ್ರಕ್ಕೆ ಆ ಲೋಕವನ್ನ ರಕ್ಷಿಸೋ ಜವಾಬ್ದಾರಿ ಇಲ್ಲ. ಪ್ರಶ್ನೆ ಕೇಳಿ, ಅದರ ಪರಿಣಾಮ ತೋರಿಸಿ, ನಿಲ್ಲಿಸಬಹುದು. ಮಿಕ್ಕಿದ್ದನ್ನ ನಾವು ತಲೇಲಿ ಹೊತ್ಕೊಂಡು ಓಡಾಡ್ತೀವಿ. ‘ಬಿಯಾಂಡ್’ ಕೂಡ ಹಾಗೇ. ಕಳೆದುಹೋದ ಬೆಕ್ಕನ್ನ ಹುಡುಕ್ತಾ ಹೋದ ಹುಡುಗಿಗೆ, ಮ್ಯಾಟ್ರಿಕ್ಸ್ ಪ್ರೋಗ್ರಾಮ್ ಕೈಕೊಟ್ಟಿರೋ ಒಂದು ಪಾಳುಮನೆ ಸಿಗುತ್ತೆ. ಅಲ್ಲಿ ಮಕ್ಕಳು ಮೇಲಿಂದ ಬಿದ್ರೂ ನೆಲಕ್ಕೆ ತಾಗಲ್ಲ. ಅವರಿಗೆ ಅದು ಆಟದ ಜಾಗ, ಪ್ರೋಗ್ರಾಮ್ ನಡೆಸೋರಿಗೆ ಸರಿಪಡಿಸಬೇಕಾದ ತಪ್ಪು. ನಿಯೋ ಬಂದು ಕಾಪಾಡಲ್ಲ.

ಇನ್ನೊಂದು ಮಾತು: ಇವು ಚಿಕ್ಕದು ಅಂದ ಮಾತ್ರಕ್ಕೆ ರೀಲ್ಸ್ ಥರ ಅಲ್ಲ. ರೀಲ್ಸ್ ಮುಂದಿನದಕ್ಕೆ ತಳ್ಳುತ್ತೆ. ಇವುಗಳನ್ನ ನೋಡಿದ್ಮೇಲೆ ಮುಂದಿನದನ್ನ ತಕ್ಷಣ ಹಾಕೋಕೆ ಮನಸ್ಸಾಗಲ್ಲ.

ಹೊಸದಾಗಿ ನೋಡೋರಿಗೆ ನನ್ನ ಸಲಹೆ: ಮೊದಲು ‘ಬಿಯಾಂಡ್’, ಆಮೇಲೆ ‘ಮೆಮೊರೀಸ್’ ಅದರ ಕ್ರಮದಲ್ಲೇ. ದುಃಖ, ನಗು, ಕಬ್ಬಿಣದಂಥ ಮೌನ, ಆ ಕ್ರಮಕ್ಕೂ ಅರ್ಥ ಇದೆ. ‘ಮ್ಯಾಗ್ನೆಟಿಕ್ ರೋಸ್’ಗೆ ಒಳ್ಳೇ ಹೆಡ್‌ಫೋನ್ ಇರಲಿ, ಯೋಕೊ ಕಾನ್ನೊ ಅವರ ಸಂಗೀತ ಅಲ್ಲಿ ಅರ್ಧ ಕಥೆ ಹೇಳುತ್ತೆ. ‘ಕ್ಯಾನನ್ ಫಾಡರ್’ ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಒಂದೊಂದು ಕಥೆ ಮುಗಿದ್ಮೇಲೆ ಐದು ನಿಮಿಷ ಪಾಸ್ ಒತ್ತಿ. ಪುಟ್ಟ ಮಕ್ಕಳ ಜೊತೆ ಬೇಡ, ಕಾರ್ಟೂನ್ ಥರ ಕಂಡ್ರೂ ಇವು ದೊಡ್ಡವರ ಕಥೆಗಳು.

ನೋಡಿದ್ಮೇಲೆ ಮೂರರಲ್ಲಿ ಯಾವುದು ನಿಮ್ಮನ್ನ ಕಾಡ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ನಿಮ್ಮ ಮಾತುಗಳಿಂದಲೇ ಶುರು ಮಾಡೋಣ. ಅಲ್ಲೀವರೆಗೂ ನಮಸ್ಕಾರ.