ಪ್ರಾಣರಕ್ಷಣೆ, ಕಾನೂನು ಮತ್ತು ವೈದ್ಯರ ಹೊಣೆ: ಸವಿತಾ ಹಾಲಪ್ಪನವರ ಪ್ರಕರಣದ ದೈವಶಾಸ್ತ್ರೀಯ ಅವಲೋಕನ

2012ರ ಅಕ್ಟೋಬರ್ 28ರಂದು ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಆಗ 31 ವರ್ಷ. ಈ ಮರಣವು ಐರ್ಲೆಂಡಿನ ರಾಜಕೀಯವನ್ನೂ ಕಾನೂನನ್ನೂ ಬದಲಿಸಿತು. ಕನ್ನಡ ನಾಡಿನ ಸಭೆಗಳಿಗೆ ಇದು ದೂರದ ಸುದ್ದಿಯಲ್ಲ. ಸತ್ತವಳು ನಮ್ಮ ನೆಲದ ಮಗಳು. ಆಕೆಗೆ ಚಿಕಿತ್ಸೆ ಏಕೆ ಇಲ್ಲವೆಂಬುದನ್ನು ವಿವರಿಸುವಾಗ ಕೇಳಿಬಂದದ್ದು ಕ್ರೈಸ್ತ ಸಭೆಯ ಹೆಸರು. ಆದುದರಿಂದ ಗರ್ಭಪಾತವನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸುವ ಕಾನೂನಿನ ಕೆಳಗೆ ಗರ್ಭಿಣಿಯಾದ ರೋಗಿಯ ವಿಷಯದಲ್ಲಿ ವೈದ್ಯರ ಹೊಣೆ ಏನೆಂಬುದನ್ನು ಈ ಪ್ರಕರಣದ ಮೂಲಕ ವಿಚಾರಿಸುವುದು ತಕ್ಕದ್ದಾಗಿದೆ.

ನಡೆದದ್ದೇನು?

ಅಕ್ಟೋಬರ್ 21ರಂದು ಬೆನ್ನುನೋವಿನಿಂದ ಆಸ್ಪತ್ರೆಗೆ ಬಂದಾಗ ಸವಿತಾ 17 ವಾರಗಳ ಗರ್ಭಿಣಿ. ಗರ್ಭಸ್ರಾವವು ಅನಿವಾರ್ಯವೆಂದು ವೈದ್ಯರು ಕಂಡುಕೊಂಡರು. ಮರುದಿನ ಬೆಳಗಿನ ಜಾವಕ್ಕೆ ನೀರಿನ ಚೀಲ ಒಡೆಯಿತು. 17 ವಾರಗಳ ಶಿಶುವು ಗರ್ಭದ ಹೊರಗೆ ಬದುಕಲಾರದು; ಆದರೆ ಅದರ ಹೃದಯ ಇನ್ನೂ ಮಿಡಿಯುತ್ತಿತ್ತು. ಗರ್ಭವನ್ನು ತೆಗೆದುಬಿಡಿರೆಂದು ಸವಿತಾ ಕೇಳಿಕೊಂಡಾಗ, ಹೃದಯ ಮಿಡಿಯುತ್ತಿರುವ ತನಕ ಕಾನೂನಿನ ಪ್ರಕಾರ ಅದು ಸಾಧ್ಯವಿಲ್ಲವೆಂಬ ಉತ್ತರ ಬಂತು. ಇದು ಕಥೋಲಿಕ ದೇಶವೆಂದು ತಾನು ಹೇಳಿದ್ದು ನಿಜವೆಂದು ಆಸ್ಪತ್ರೆಯ ಸೂಲಗಿತ್ತಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಲ್ಲಿಯ ಪರಿಸ್ಥಿತಿಯನ್ನು ವಿವರಿಸುವುದಕ್ಕಾಗಿ ಹಾಗೆ ಹೇಳಿದೆನೆಂದರು. 24ರಂದು ರಕ್ತಕ್ಕೆ ನಂಜು ಏರಿರುವುದು ಪತ್ತೆಯಾಯಿತು. ಅದೇ ದಿನ ಮೃತ ಶಿಶುವಿನ ಜನನವಾಯಿತು. ನಾಲ್ಕು ದಿನಗಳ ತರುವಾಯ ತಾಯಿಯೂ ತೀರಿಕೊಂಡರು.

ಪ್ರೊಫೆಸರ್ ಸಬರತ್ನಂ ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ತನಿಖಾ ತಂಡವು 2013ರ ಜೂನ್‌ನಲ್ಲಿ ವರದಿ ನೀಡಿತು. ಶಿಶುವಿನ ಹೃದಯ ನಿಲ್ಲುವ ತನಕ ಕೈಹಾಕಬಾರದೆಂಬುದಕ್ಕೆ ಅತಿಯಾದ ಒತ್ತು, ತಾಯಿಯಲ್ಲಿ ಸೋಂಕಿನ ಅಪಾಯವನ್ನು ಗಮನಿಸಿ ನಿಭಾಯಿಸುವುದಕ್ಕೆ ಕಡಿಮೆ ಒತ್ತು ಬಿದ್ದಿತ್ತೆಂದು ಅದು ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಮತ್ತೊಂದು ಸರಕಾರಿ ವರದಿಯು, ಸಮಯಕ್ಕೆ ಸರಿಯಾಗಿ ಬಳಸಿಕೊಂಡಿದ್ದರೆ ಪರಿಣಾಮ ಬೇರೆಯಾಗಬಹುದಾಗಿದ್ದ 13 ಅವಕಾಶಗಳು ತಪ್ಪಿಹೋದವೆಂದು ಎಣಿಸಿ ತೋರಿಸಿತು. ತಪ್ಪು ಕಾನೂನಿನದೋ ಆರೈಕೆಯದೋ ಎಂದು ಅನೇಕರು ವಾದಿಸಿದ್ದಾರೆ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಕಾನೂನಿನ ಭಯದಿಂದ ವೈದ್ಯರ ಕಣ್ಣು ಶಿಶುವಿನ ಹೃದಯದ ಮಿಡಿತದಲ್ಲಿ ನೆಟ್ಟಿದ್ದಾಗ, ತಾಯಿಯ ಮೈಯಲ್ಲಿ ಏರುತ್ತಿದ್ದ ನಂಜು ಕಾಣದೆ ಹೋಯಿತು.

ಕಾನೂನು ಏನು ಹೇಳುತ್ತಿತ್ತು?

1861ರ ಬ್ರಿಟಿಷ್ ಶಾಸನವು ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತ್ತು. 1983ರ ಎಂಟನೆಯ ಸಂವಿಧಾನ ತಿದ್ದುಪಡಿಯು ಗರ್ಭದಲ್ಲಿರುವ ಶಿಶುವಿನ ಜೀವದ ಹಕ್ಕನ್ನೂ ತಾಯಿಯ ಸಮಾನವಾದ ಜೀವದ ಹಕ್ಕನ್ನೂ ಅಂಗೀಕರಿಸಿತು. 1992ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ತಾಯಿಯ ಜೀವಕ್ಕೆ ನಿಜವಾದ ಮತ್ತು ಗಣನೀಯವಾದ ಅಪಾಯವಿದ್ದು ಬೇರೆ ದಾರಿಯಿಲ್ಲದಿದ್ದರೆ ಗರ್ಭಪಾತವು ನ್ಯಾಯಸಮ್ಮತವೆಂದು ತೀರ್ಪಿತ್ತಿತು; ಆರೋಗ್ಯಕ್ಕೆ ಅಪಾಯವಿದ್ದರೆ ಅಷ್ಟೇ ಸಾಲದು ಎಂದಿತು. ಆದರೆ ಇಪ್ಪತ್ತು ವರ್ಷ ಕಳೆದರೂ ಸಂಸತ್ತು ಈ ಅಳತೆಯನ್ನು ಬಿಡಿಸಿ ಹೇಳುವ ಶಾಸನವನ್ನು ಮಾಡಲಿಲ್ಲ. ಸೆರೆಮನೆಯ ಭಯವು ಗರ್ಭಿಣಿಯರನ್ನೂ ವೈದ್ಯರನ್ನೂ ಹಿಂಜರಿಯುವಂತೆ ಮಾಡುತ್ತದೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2010ರ ಡಿಸೆಂಬರಿನಲ್ಲಿಯೇ ಗುರುತಿಸಿತ್ತು. ಸವಿತಾ ತೀರಿಕೊಂಡ ಮೇಲೆ, 2013ರಲ್ಲಿ, ಶಾಸನವಾಯಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66ರಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು.

ಇಲ್ಲಿಯ ತೊಡಕು ಗಮನಾರ್ಹವಾದದ್ದು. ನ್ಯಾಯಾಲಯಕ್ಕೆ ‘ಆರೋಗ್ಯದ ಅಪಾಯ’ ಮತ್ತು ‘ಜೀವದ ಅಪಾಯ’ ಎರಡು ಬೇರೆ ಮಾತುಗಳು. ರೋಗಿಯ ಹಾಸಿಗೆಯ ಬಳಿಯಲ್ಲಿ ಅವುಗಳ ನಡುವೆ ಗೆರೆಯಿಲ್ಲ. ನೀರಿನ ಚೀಲ ಒಡೆದು ಗರ್ಭಕಂಠ ತೆರೆದಿರುವಾಗ ಸೋಂಕಿಗೆ ಬಾಗಿಲು ತೆರೆದಂತೆಯೇ. ಸಣ್ಣ ಚಳಿಜ್ವರದಿಂದ ರಕ್ತದೊತ್ತಡ ಕುಸಿಯುವ ಸ್ಥಿತಿಗೆ ಕೆಲವೇ ಗಂಟೆಗಳು ಸಾಕು. ಅಪಾಯವು ‘ಗಣನೀಯ’ವೆಂದು ರುಜುವಾಗುವ ಹೊತ್ತಿಗೆ ಔಷಧದ ಹೊತ್ತು ಮೀರಿರಬಹುದು.

ಸಭೆಯ ಬೋಧನೆಯ ಬೆಳಕಿನಲ್ಲಿ

ಗರ್ಭದಲ್ಲಿರುವ ಶಿಶುವು ದೇವರ ಕೈಕೆಲಸವೆಂಬ ನಂಬಿಕೆಯನ್ನು ಸಡಿಲಿಸದೆಯೂ ಈ ಪ್ರಶ್ನೆಗೆ ಉತ್ತರ ಹುಡುಕಬಹುದು. ಕಥೋಲಿಕ ನೀತಿಶಾಸ್ತ್ರವು ದ್ವಿಪರಿಣಾಮ ತತ್ತ್ವವನ್ನು ಆಧಾರವಾಗಿ ಹಿಡಿದಿದೆ. ಆತ್ಮರಕ್ಷಣೆಯನ್ನು ಕುರಿತು 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸರು ಮಾಡಿದ ವಿಚಾರದಲ್ಲಿ ಅದರ ಮೂಲವಿದೆ. ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು. ಒಳ್ಳೆಯದನ್ನು ಉದ್ದೇಶಿಸಿ, ಕೆಟ್ಟದ್ದನ್ನು ಉದ್ದೇಶಿಸದೆ ಮುನ್ನರಿತು, ತಕ್ಕಷ್ಟು ಗುರುತರವಾದ ಕಾರಣವಿದ್ದರೆ ಆ ಕ್ರಿಯೆಯು ಸಲ್ಲುತ್ತದೆ. ಗರ್ಭಿಣಿಯ ಗರ್ಭಕೋಶದಲ್ಲಿ ಕ್ಯಾನ್ಸರ್ ಇದ್ದರೆ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಸೋಂಕು ತಗುಲಿದ ಗರ್ಭಕೋಶವನ್ನು ಬರಿದುಮಾಡಲು ಹೆರಿಗೆಯನ್ನು ಪ್ರೇರಿಸುವುದನ್ನೂ ಅನೇಕ ಕಥೋಲಿಕ ನೀತಿಶಾಸ್ತ್ರಜ್ಞರು ಈ ತತ್ತ್ವದ ಕೆಳಗೆ ಒಪ್ಪುತ್ತಾರೆ. ಸೋಂಕು ಇನ್ನೂ ಕಾಣಿಸಿಕೊಳ್ಳದಿರುವಾಗ ಏನು ಮಾಡಬೇಕೆಂಬಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿದೆ. ಸವಿತಾ ಕಳೆದುಕೊಂಡ ದಿನಗಳು ಬಹುಮಟ್ಟಿಗೆ ಈ ನಡುವಿನ ದಿನಗಳೇ.

ಇಲ್ಲಿ ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯವು ನಮಗೆ ದಾರಿತೋರುತ್ತದೆ. ಸಬ್ಬತ್ ದಿನದಲ್ಲಿ ಕೈ ಬತ್ತಿದವನನ್ನು ಯೇಸುಸ್ವಾಮಿಯು ನಡುವೆ ನಿಲ್ಲಿಸಿ, ಆ ದಿನದಲ್ಲಿ ಪ್ರಾಣವನ್ನು ಉಳಿಸುವುದು ಸರಿಯೋ ತೆಗೆಯುವುದು ಸರಿಯೋ ಎಂದು ಕೇಳುತ್ತಾನೆ. ಉಳಿಸುವುದು, ತೆಗೆಯುವುದು ಎಂಬ ಎರಡನ್ನು ಬಿಟ್ಟು ‘ಸುಮ್ಮನಿರುವುದು’ ಎಂಬ ಮೂರನೆಯ ದಾರಿಯನ್ನು ಆತನು ಇಡುವುದಿಲ್ಲ. ಆ ಮನುಷ್ಯನ ಕೈ ಮರುದಿನದ ತನಕ ಕಾಯಬಹುದಾಗಿತ್ತು. ಆದರೂ ಆತನು ಕಾಯಲಿಲ್ಲ. ಎದುರಿದ್ದವರ ಮೌನಕ್ಕೂ ಹೃದಯಕಾಠಿಣ್ಯಕ್ಕೂ ಆತನು ನೊಂದುಕೊಂಡನೆಂದು ಸುವಾರ್ತಿಕನು ಹೇಳುತ್ತಾನೆ. ಯೆಹೂದ್ಯ ಧರ್ಮಶಾಸ್ತ್ರವೂ ಈ ವಿಷಯದಲ್ಲಿ ಕಠಿಣವಾಗಿರಲಿಲ್ಲ. ಪ್ರಾಣಕ್ಕೆ ಅಪಾಯವಿದೆಯೆಂಬ ಸಂದೇಹ ಮಾತ್ರವಿದ್ದರೂ ಸಬ್ಬತ್ ನಿಯಮವನ್ನು ಮೀರಬಹುದೆಂದು ಮಿಷ್ನಾದ ‘ಯೋಮಾ’ ಭಾಗ ತಿಳಿಸುತ್ತದೆ. ಅಲ್ಲಿ ಸಂದೇಹವು ರೋಗಿಯ ಪರವಾಗಿತ್ತು. ಗಾಲ್ವೇಯಲ್ಲಿ ಸಂದೇಹವು ರೋಗಿಯ ವಿರುದ್ಧವಾಗಿ ನಿಂತಿತು.

ವೈದ್ಯರ ಹೊಣೆ

ಇವುಗಳಿಂದ ನಾಲ್ಕು ಹೊಣೆಗಳನ್ನು ಎತ್ತಿ ಹೇಳಬಹುದು.

ಮೊದಲನೆಯದಾಗಿ, ಕಾನೂನನ್ನು ಸರಿಯಾಗಿ ತಿಳಿದಿರುವುದು. ಭಯವು ಕಾನೂನನ್ನು ಇರುವುದಕ್ಕಿಂತ ಕಠಿಣವಾಗಿ ಓದಿಸುತ್ತದೆ. ಐರ್ಲೆಂಡಿನ ಕಾನೂನು ತಾಯಿಯ ಜೀವವನ್ನು ಉಳಿಸಲು ಅವಕಾಶ ಕೊಟ್ಟಿತ್ತು.

ಎರಡನೆಯದಾಗಿ, ಎಚ್ಚರದಿಂದ ನೋಡುತ್ತಿರುವುದು. ಕಾನೂನು ಅಪಾಯಕ್ಕಾಗಿ ಕಾಯಿರೆಂದರೆ, ಅಪಾಯ ಬಂದ ಕ್ಷಣವನ್ನು ಗುರುತಿಸುವ ಹೊಣೆ ಇಮ್ಮಡಿಯಾಗುತ್ತದೆ. ನಾಡಿ, ಜ್ವರ, ರಕ್ತಪರೀಕ್ಷೆ ಇವು ಅಲ್ಲಿ ಬರೀ ದಾಖಲೆಗಳಲ್ಲ.

ಮೂರನೆಯದಾಗಿ, ಸತ್ಯವನ್ನು ಹೇಳುವುದು. ಶಿಶು ಉಳಿಯುವುದಿಲ್ಲ, ಕಾಯುವುದರಿಂದ ತನಗೆ ಇಂಥ ಅಪಾಯವಿದೆ ಎಂಬುದನ್ನು ತಿಳಿಯುವ ಹಕ್ಕು ತಾಯಿಗಿದೆ. ಬೇರೆ ಕಡೆಗೆ ಹೋಗಬಹುದಾದರೆ ಅದನ್ನೂ ಹೊತ್ತಿಗೆ ಮೊದಲೇ ತಿಳಿಸಬೇಕು.

ನಾಲ್ಕನೆಯದಾಗಿ, ಕೈಬಿಡದಿರುವುದು. ಮನಸ್ಸಾಕ್ಷಿಯ ನಿಮಿತ್ತ ಒಬ್ಬ ವೈದ್ಯರು ಒಂದು ಕ್ರಿಯೆಯಿಂದ ಹಿಂಜರಿಯಬಹುದು, ರೋಗಿಯಿಂದ ಹಿಂಜರಿಯಲಾಗದು. ಪ್ರಾಣಾಪಾಯವಿರುವಾಗ ಆ ಹಿಂಜರಿಕೆಗೂ ಎಡೆಯಿಲ್ಲ.

ವೈದ್ಯರಿಗೂ ನಾವು ಸಲ್ಲಿಸಬೇಕಾದ ನ್ಯಾಯವೊಂದಿದೆ. ಅಸ್ಪಷ್ಟ ಕಾನೂನನ್ನು ಬರೆದು, ಅದರ ಭಾರವನ್ನು ರಾತ್ರಿಪಾಳಿಯ ವೈದ್ಯರ ಹೆಗಲಿಗೇರಿಸುವುದು ಅನ್ಯಾಯ. ಜೀವಪರವಾದ ಕಾನೂನನ್ನು ಬಯಸುವ ಸಭೆಯು, ಆ ಕಾನೂನು ಆಸ್ಪತ್ರೆಯಲ್ಲಿ ಹೇಗೆ ಓದಲ್ಪಡುತ್ತದೆಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ನಮ್ಮ ಸಂದರ್ಭ

ಭಾರತದ ಕಾನೂನು ಬೇರೆಯಾಗಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಐದನೆಯ ಕಲಮಿನ ಪ್ರಕಾರ, ತಾಯಿಯ ಪ್ರಾಣವನ್ನು ಉಳಿಸಲು ತಕ್ಷಣವೇ ಅಗತ್ಯವೆಂದು ನೋಂದಾಯಿತ ವೈದ್ಯರೊಬ್ಬರು ಸದ್ಭಾವನೆಯಿಂದ ತೀರ್ಮಾನಿಸಿದರೆ, ವಾರಗಳ ಮಿತಿಯಾಗಲಿ ಎರಡನೆಯ ವೈದ್ಯರ ಅಭಿಪ್ರಾಯವಾಗಲಿ ಅಡ್ಡಿಯಾಗುವುದಿಲ್ಲ. ಆದರೂ ನಮ್ಮ ಮಿಶನ್ ಆಸ್ಪತ್ರೆಗಳಲ್ಲಿ ವೈದ್ಯರೂ ದಾದಿಯರೂ ಸಭಾಪಾಲಕರ ಕಡೆಗೆ ತಿರುಗಿ ‘ಅಯ್ಯನವರೇ, ಇದು ಪಾಪವೇ?’ ಎಂದು ಕೇಳುವ ಗಳಿಗೆ ಬರಬಹುದು. ಆಗ ವಿಚಾರಮಾಡದೆ ಕೊಡುವ ಉತ್ತರವೂ ಒಂದು ಜೀವದ ಬೆಲೆಯಾಗಬಹುದು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಎದುರುನೋಡು, ಕಾಪಾಡು ಎಂಬ ಎರಡು ಅರ್ಥಗಳಿವೆ. ಗಾಲ್ವೇಯಲ್ಲಿ ಮೊದಲನೆಯ ಕಾಯುವಿಕೆಯು ಎರಡನೆಯದನ್ನು ನುಂಗಿತು. ಕುರಿಗಳನ್ನು ಕಾಯುವವರೆಂದು ಕರೆಯಲ್ಪಟ್ಟ ನಾವು ಈ ವ್ಯತ್ಯಾಸವನ್ನು ಮೊದಲು ನಾವೇ ಕಲಿತು, ತರುವಾಯ ನಮ್ಮ ಸಭೆಯ ವೈದ್ಯರಿಗೆ ಧೈರ್ಯ ಹೇಳುವವರಾಗಬೇಕು.